ಸ್ಪಷ್ಟನೆ: ರಾಮನ್ ಅವರಿಗೆ ನೊಬೆಲ್ ದೊರೆತದ್ದು ಗೋಳಗುಮ್ಮಟದ ಸಂಶೋಧನೆಗಲ್ಲ

ವಿಜಯಪುರದ ಗೋಳಗುಮ್ಮಟದ ಪ್ರತಿಧ್ವನಿಯನ್ನು ಕುರಿತ ಸಂಶೋಧನೆಗಾಗಿಯೇ ಸರ್ ಸಿ.ವಿ. ರಾಮನ್ ಅವರಿಗೆ ನೊಬೆಲ್ ದೊರೆಯಿತು ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದ್ದು, ಅದು ಸರಿಯಲ್ಲ. 1930ರ ಭೌತವಿಜ್ಞಾನದ ನೊಬೆಲ್ ಅವರಿಗೆ ಸಂದದ್ದು ಬೆಳಕಿನ ಚದುರುವಿಕೆಯ ಅಧ್ಯಯನಕ್ಕೆ, ಅಂದರೆ 1928ರಲ್ಲಿ ಅವರು ಕಂಡುಹಿಡಿದ ರಾಮನ್ ಪರಿಣಾಮಕ್ಕೆ (ವಸ್ತುವಿನ ಮೂಲಕ ಹಾಯುವಾಗ ಚದುರಿದ ಬೆಳಕಿನ ಅಲ್ಪ ಭಾಗದ ಬಣ್ಣ, ಅಂದರೆ ತರಂಗದೂರ, ಬದಲಾಗುವುದು).

ಆದರೆ ಸಂದೇಶ ಪೂರ್ತಿ ಕಟ್ಟುಕಥೆಯೂ ಅಲ್ಲ ಎಂಬುದನ್ನು ನಮ್ಮೂರಿನವರು ಅಭಿಮಾನದಿಂದಲೇ ತಿಳಿಯಬೇಕು. ವೀಣೆ, ಮೃದಂಗಗಳ ನಾದವನ್ನೂ ಶೋಧಿಸಿದ್ದ ರಾಮನ್, 1920ರ ದಶಕದ ಆರಂಭದಲ್ಲಿ ಈ ಗುಮ್ಮಟದ ಪಿಸುಮಾತಿನ ಮೊಗಸಾಲೆಯನ್ನು (ಒಂದು ಬದಿಯಲ್ಲಿ ಪಿಸುಗುಟ್ಟಿದ್ದು ಎದುರುಬದಿಯಲ್ಲಿ ಕೇಳಿಸುವ ಒಳಸುತ್ತಿನ ಮೊಗಸಾಲೆ) ಅಧ್ಯಯನ ಮಾಡಿ ಪ್ರಬಂಧ ಪ್ರಕಟಿಸಿದ್ದರು. ಗಾರೆಯಲ್ಲಿ ಬೆರೆಸಿದ ಲೋಹವೇ ಧ್ವನಿಗೆ ಕಾರಣವೆಂಬ ಮಾತನ್ನೂ ಅದೇ ಸಂದೇಶ ಸೇರಿಸಿದೆ; ಆದರೆ ಇದಕ್ಕೆ ಲೋಹ ಬೇಕಿಲ್ಲ. ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನ ಗುಮ್ಮಟದ ವಿಷಯದಲ್ಲಿ ಬ್ರಿಟಿಷ್ ಭೌತವಿಜ್ಞಾನಿ ಲಾರ್ಡ್ ರೇಲಿ ಮೊದಲೇ ವಿವರಿಸಿದಂತೆ, ಧ್ವನಿತರಂಗಗಳು ಬಾಗಿದ ಗೋಡೆಗೆ ಅಂಟಿಕೊಂಡಂತೆ ಸುತ್ತುತ್ತಾ ಹೆಚ್ಚು ಕುಂದದೆ ಎದುರುಬದಿಯನ್ನು ಮುಟ್ಟುವುದಕ್ಕೆ ಗಟ್ಟಿಯಾದ, ನುಣುಪಾದ ಗೋಡೆಯ ದುಂಡುತನವೇ ಸಾಕು.