ಥಮ್ಸ್ ಅಪ್ ಈಗಲೂ ಸ್ವದೇಶಿಯೇ?

ಬಿಸಿಲು ಏರಿತೆಂದರೆ ವಿಜಯಪುರದ ವಾಟ್ಸಾಪ್ ಗ್ರೂಪುಗಳಲ್ಲಿ ಈ ಸಂದೇಶ ತಿರುಗತೊಡಗುತ್ತದೆ: 'ಕೋಕಾ-ಕೋಲಾ ಬಿಡಿ, ಥಮ್ಸ್ ಅಪ್ ಕುಡಿಯಿರಿ. ಕೋಕ್ ದೇಶ ಬಿಟ್ಟಾಗ ನಮ್ಮ ಸರ್ಕಾರವೇ ಶುರು ಮಾಡಿದ ಸ್ವದೇಶಿ ಕಂಪನಿ.' ಎರಡೂ ಮಾತು ತಪ್ಪು.

ಗೊಂದಲಕ್ಕೆ ಕಾರಣವಿದೆ. ವಿದೇಶಿ ಕಂಪನಿಗಳು ತಮ್ಮ ಪಾಲನ್ನು ಶೇ 40ಕ್ಕೆ ಇಳಿಸಬೇಕೆಂದು 1973ರ ಫೆರಾ (ವಿದೇಶಿ ವಿನಿಮಯ ನಿಯಂತ್ರಣ) ಕಾಯ್ದೆ ಹೇಳುತ್ತಿತ್ತು. ಜಾರ್ಜ್ ಫರ್ನಾಂಡಿಸ್ ಕೈಗಾರಿಕಾ ಸಚಿವರಾಗಿದ್ದಾಗ ಅದು ಬಿಗಿಯಾಯಿತು. ಪಾಲನ್ನೂ ತನ್ನ ಗುಟ್ಟಿನ ಸೂತ್ರವನ್ನೂ ಬಿಟ್ಟುಕೊಡಲು ಒಲ್ಲದ ಕೋಕ್ 1977ರಲ್ಲಿ ಹೊರನಡೆಯಿತು. ಆಗ ಸರ್ಕಾರಿ ಮಾಡರ್ನ್ ಬೇಕರಿ ತಂದದ್ದು 'ಡಬಲ್ ಸೆವೆನ್' ಎಂಬ ಕೋಲಾ, ಅಂದರೆ ಆ ವರ್ಷದ 77. ಅದು ಹೆಚ್ಚು ದಿನ ನಿಲ್ಲಲಿಲ್ಲ. ಥಮ್ಸ್ ಅಪ್ ತಂದವರು ಪಾರ್ಲೆಯ ರಮೇಶ್ ಚೌಹಾಣ್ ಸೋದರರು, ಅಪ್ಪಟ ಖಾಸಗಿಯವರು.

1993ರಲ್ಲಿ ಕೋಕಾ-ಕೋಲಾ ಮರಳಿ ಬಂದು ಥಮ್ಸ್ ಅಪ್, ಲಿಮ್ಕಾ, ಗೋಲ್ಡ್ ಸ್ಪಾಟ್, ಮಾಜಾ ಎಲ್ಲವನ್ನೂ ಕೊಂಡಿತು. ಅಂದಿನಿಂದ ಥಮ್ಸ್ ಅಪ್ ಅದರದೇ.

ಪಾರ್ಲೆ-ಜಿ ಬಿಸ್ಕಿಟ್ಟಿನ ಕಂಪನಿಯನ್ನೂ ಈ ಮಾರಾಟಕ್ಕೆ ಸೇರಿಸಬೇಡಿ. ಅದು ಚೌಹಾಣ್ ಮನೆತನದ ಬೇರೆ ಕವಲು.