ಜರ್ಮನಿಗೆ ಹೊರಟ ಮಕ್ಕಳ ಅಪ್ಪ-ಅಮ್ಮಂದಿರಿಗೆ

ಶಾಲೆಯ ಎಕ್ಸ್‌ಚೇಂಜ್‌ನಲ್ಲಿ ಜರ್ಮನಿಗೆ ಹೊರಟಿರುವ ಮಕ್ಕಳ ಪೋಷಕರ ವಾಟ್ಸಾಪ್ ಗ್ರೂಪನ್ನು ಈಗಷ್ಟೇ ಮೇಲಿಂದ ಕೆಳಗೆ ಓದಿದೆ. ಯಾವ ಸೂಟ್‌ಕೇಸ್, ಥರ್ಮಲ್ ಎಲ್ಲಿ ಅಗ್ಗ, ಚಟ್ನಿಪುಡಿ ಎಷ್ಟು ಪ್ಯಾಕೆಟ್. ಮಗು ಯಾರ ಮನೆಯಲ್ಲಿ ಇರುತ್ತದೋ ಆ ಮನೆಯವರ ಬಗ್ಗೆ ಒಂದು ಪ್ರಶ್ನೆಯೂ ಇಲ್ಲ. ನನ್ನನ್ನು ಬಲ್ಲವರಿಗೆ ಗೊತ್ತು, ಈ ವಿಷಯದಲ್ಲಿ ನನಗೆ ಸುಮ್ಮನಿರೋಕೆ ಆಗಲ್ಲ. ಮಕ್ಕಳಿಗೆ ಭಾಷೆ, ನಡವಳಿಕೆ ಎಲ್ಲ ಕಲಿಸಿ ಕಳಿಸುತ್ತಾರೆ. ಅಪ್ಪ-ಅಮ್ಮನಿಗೆ ಒಂದೇ ಸಭೆ, ಅದರಲ್ಲಿ ಮುಕ್ಕಾಲು ಹೊತ್ತು ಲಗೇಜಿನ ತೂಕದ ಮಾತು.

ನಿಮ್ಮ ಮಗುವಿಗಿಂತ ಮೊದಲು ಆ ಮನೆ ಸೇರುವುದು ನೀವು ತುಂಬಿದ ಫಾರ್ಮ್. ಅದರಲ್ಲಿ ಎಲ್ಲರೂ ಬರೆಯುವುದು 'ವೆಜಿಟೇರಿಯನ್, ಅಡ್ಜಸ್ಟ್ ಮಾಡಿಕೊಳ್ಳುತ್ತಾಳೆ' ಅಂತ. ಜರ್ಮನಿಯಲ್ಲಿ ಸಸ್ಯಾಹಾರ ಎಂದರೆ ಮೊಟ್ಟೆ ಸೇರಿದ ಊಟ. ನಿಮ್ಮ ಮನೆಯಲ್ಲಿ ಮೊಟ್ಟೆ ನಡೆಯುವುದಿಲ್ಲ ಎಂದಾದರೆ ಅದನ್ನು ಬಿಡಿಸಿ ಬರೆಯಿರಿ: ಕೇಕಿನಲ್ಲಿ ನಡೆಯುತ್ತದಾ, ನೂಡಲ್ಸ್‌ನಲ್ಲಿ, ಮೇಯನೇಸ್‌ನಲ್ಲಿ ನಡೆಯುತ್ತದಾ? ಜೆಲ್ಲಿ ಮಿಠಾಯಿಗಳಲ್ಲಿ ಬಹುಪಾಲು ಜೆಲಟಿನ್ ಇರುತ್ತದೆ, ಅದು ಪ್ರಾಣಿಯ ಚರ್ಮ-ಮೂಳೆಯಿಂದ ಬಂದದ್ದು. ಕೆಲವು ಚೀಸ್‌ಗೆ ಹೆಪ್ಪು ಹಾಕುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ಇವೆಲ್ಲ ಬೇಡವಾದರೆ ಬೇಡ ಅನ್ನಿ, ಪರವಾಗಿಲ್ಲದಿದ್ದರೆ ಪರವಾಗಿಲ್ಲ ಅನ್ನಿ. ಮಗು ಏನು ತಿನ್ನುತ್ತದೆ ಅನ್ನುವ ಪಟ್ಟಿಯನ್ನೂ ಕೊಡಿ: ಅನ್ನ, ಮೊಸರು, ಬೇಯಿಸಿದ ಆಲೂಗಡ್ಡೆ, ಟೊಮೆಟೊ ಸಾಸಿನ ಪಾಸ್ತಾ. ಎಷ್ಟೋ ಜರ್ಮನ್ ಮನೆಗಳಲ್ಲಿ ರಾತ್ರಿಯೂಟ ಎಂದರೆ ಬ್ರೆಡ್ಡು, ಚೀಸು, ಸೌತೆಕಾಯಿ, ಟೊಮೆಟೊ ಅಷ್ಟೆ, ಒಲೆ ಹಚ್ಚುವುದೇ ಇಲ್ಲ. ಇದು ಮೊದಲೇ ಗೊತ್ತಿಲ್ಲದ ಅಮ್ಮ 'ನನ್ನ ಮಗೂಗೆ ಊಟಾನೇ ಹಾಕಿಲ್ಲ' ಅಂತ ರಾತ್ರೋರಾತ್ರಿ ಟೀಚರಿಗೆ ಫೋನ್ ಮಾಡುತ್ತಾಳೆ.

ಆರೋಗ್ಯದ ಕಾಲಂ ಇನ್ನೂ ಕಷ್ಟ. ವೀಸಿಂಗ್, ಫಿಟ್ಸ್, ಕಡಲೆಕಾಯಿ ಅಲರ್ಜಿ, ನಿದ್ದೆಯಲ್ಲಿ ನಡೆಯುವುದು, ಹಾಸಿಗೆಯಲ್ಲಿ ಉಚ್ಚೆ, ನಾಯಿ ಕಂಡರೆ ಭಯ, ಇಷ್ಟನ್ನೂ ಮುಚ್ಚಿಡುತ್ತಾರೆ. ಹೇಳಿದರೆ ಎಲ್ಲಿ ಮಗುವನ್ನು ಬಿಟ್ಟುಬಿಡುತ್ತಾರೋ ಅನ್ನುವ ಹೆದರಿಕೆ. ಆಮೇಲೆ ಆಗುವುದೇನು? ವೀಸಿಂಗ್ ಇರುವ ಹುಡುಗನಿಗೆ ಎರಡು ಬೆಕ್ಕಿರುವ ಮನೆ ಸಿಗುತ್ತದೆ. ಮನೆ ಬದಲಿಸೋಣ ಎಂದರೆ ಪ್ರವಾಸದ ನಡುವೆ ಇನ್ನೊಂದು ಮನೆ ಖಾಲಿ ಕೂತಿರುವುದಿಲ್ಲ. ದಯವಿಟ್ಟು ಬರೆಯಿರಿ. ಔಷಧವನ್ನು ಮೂಲ ಪ್ಯಾಕಿನಲ್ಲೇ, ಇಂಗ್ಲಿಷ್ ಚೀಟಿಯೊಂದಿಗೆ, ಬ್ರ್ಯಾಂಡ್ ಹೆಸರಿನ ಜೊತೆ ಔಷಧದ ಹೆಸರನ್ನೂ ಹಾಕಿ ಕಳಿಸಿ. ಡೋಲೋ ಅಂದರೆ ಅಲ್ಲಿ ಯಾರಿಗೂ ಅರ್ಥವಾಗುವುದಿಲ್ಲ, ಪ್ಯಾರಾಸಿಟಮಾಲ್ ಅಂದರೆ ಆಗುತ್ತದೆ.

ಕಾಗದಪತ್ರದ ವಿಷಯ ಬೇಗ ಹೇಳಿಬಿಡುತ್ತೇನೆ. ನಮ್ಮಲ್ಲಿ ಮಕ್ಕಳ ಪಾಸ್‌ಪೋರ್ಟ್‌ಗೆ ಸಾಮಾನ್ಯವಾಗಿ 5 ವರ್ಷವೇ ಆಯಸ್ಸು, ಅದು ವಾಪಸು ಹೊರಡುವ ದಿನದ ನಂತರವೂ ಕನಿಷ್ಠ 3 ತಿಂಗಳು ಚಾಲ್ತಿಯಲ್ಲಿರಬೇಕು, 2 ಪುಟ ಖಾಲಿ ಇರಬೇಕು. ವೀಸಾ ಅರ್ಜಿಯನ್ನು 6 ತಿಂಗಳು ಮುಂಚಿನಿಂದಲೇ ಹಾಕಬಹುದು. ಅಪ್ಪ ದುಬೈಯಲ್ಲಿದ್ದರೆ ಅವರ ಸಹಿ-ಒಪ್ಪಿಗೆ ಪತ್ರವನ್ನು ಈಗಲೇ ತರಿಸಿ, ಕೊನೆಗೆ ಸಿಕ್ಕಿಹಾಕಿಕೊಳ್ಳುವುದು ಇದರಲ್ಲೇ. ಇನ್ಶೂರೆನ್ಸ್ 30,000 ಯೂರೋಗಿಂತ ಕಡಿಮೆ ಇರಕೂಡದು. 12 ತುಂಬಿದ ಮಕ್ಕಳು ಬೆರಳಚ್ಚು ಕೊಡಬೇಕು. ಕಲಿಕೆಗಾಗಿ ಹೋಗುವ ಶಾಲಾ ಮಕ್ಕಳಿಗೆ ಷೆಂಗೆನ್ (ಜರ್ಮನಿಯೂ ಸೇರಿದ ಯುರೋಪಿನ ದೇಶಗಳ ಒಂದೇ ವೀಸಾ) ನಿಯಮದಲ್ಲಿ ವೀಸಾ ಶುಲ್ಕ ಮನ್ನಾ ಇದೆ, ಅರ್ಜಿ ಕೇಂದ್ರದ ಸೇವಾ ಶುಲ್ಕ ಮಾತ್ರ ಬೇರೆ. ಏಜೆಂಟ್ ಪೂರ್ತಿ ದುಡ್ಡು ಕೇಳಿದರೆ ಯಾತಕ್ಕೆ ಎಂದು ವಿಚಾರಿಸಿ.

ತಿಂಡಿಯಲ್ಲಿ ತುಪ್ಪ, ಪೇಡ, ಮಾವಿನಹಣ್ಣು, ಕರಿಬೇವಿನ ಸೊಪ್ಪು ಬೇಡ. ಹೊರಗಿನಿಂದ ಬರುವವರು ಹಾಲಿನ ಪದಾರ್ಥ ಒಯ್ಯುವುದನ್ನು ಐರೋಪ್ಯ ಒಕ್ಕೂಟ ಒಪ್ಪುವುದಿಲ್ಲ, ಹಣ್ಣು-ಸೊಪ್ಪಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ವಿಮಾನ ನಿಲ್ದಾಣದಲ್ಲಿ ಬ್ಯಾಗು ಬಿಚ್ಚಿಸಿದಾಗ ಅವಮಾನವಾಗುವುದು ಮಗುವಿಗೆ.

ಈಗ ಫೋನು. ನನ್ನ ಸಿಟ್ಟಿನ ಬೇರು ಇಲ್ಲೇ ಇರುವುದು. ಬೇಸಿಗೆ ಸಮಯದಲ್ಲಿ ಜರ್ಮನಿ ನಮಗಿಂತ ಮೂರೂವರೆ ಗಂಟೆ ಹಿಂದೆ, ಅಕ್ಟೋಬರ್ ಕೊನೆಯಿಂದ ಮಾರ್ಚ್ ಕೊನೆಯವರೆಗೆ ನಾಲ್ಕೂವರೆ ಗಂಟೆ. ನೀವು ಬೆಳಿಗ್ಗೆ ಕಾಫಿ ಕುಡಿಯುತ್ತಾ 7ಕ್ಕೆ ಫೋನ್ ಮಾಡಿದರೆ ಅಲ್ಲಿ ಬೇಸಿಗೆಯಲ್ಲೂ ಬೆಳಗಿನ ಜಾವ ಮೂರೂವರೆ. ನೀವು ಮಲಗುವ ಮುನ್ನ ಹತ್ತಕ್ಕೆ ವಿಡಿಯೋ ಕಾಲ್ ಮಾಡಿದರೆ ಅಲ್ಲಿ ಮನೆಮಂದಿಯೆಲ್ಲ ಮೇಜಿನ ಸುತ್ತ ಊಟಕ್ಕೆ ಕೂತಿರುತ್ತಾರೆ. ಮಗು ಎದ್ದು ಕೋಣೆಗೆ ಹೋಗುತ್ತದೆ, ದಿನಾ. ನಾಲ್ಕನೇ ದಿನಕ್ಕೆ ಆ ಮನೆಯವರು ಮಾತಾಡಿಸುವುದನ್ನೇ ನಿಲ್ಲಿಸುತ್ತಾರೆ, ಈ ಹುಡುಗಿಗೆ ನಾವು ಬೇಡ ಅಂದುಕೊಂಡು. ವಾರಕ್ಕೆ ಎರಡು ಸಲ, ಮೊದಲೇ ಗೊತ್ತುಮಾಡಿದ ಹೊತ್ತಿನಲ್ಲಿ, ಹತ್ತು ನಿಮಿಷ ಸಾಕು. ಉಳಿದ ದಿನ ಒಂದು ಮೆಸೇಜ್. ಅತ್ತರೆ 'ವಾಪಸು ಬಂದುಬಿಡು ಪುಟ್ಟಾ' ಅನ್ನಬೇಡಿ. 'ಇವತ್ತು ಏನು ಮಾಡಿದೆ, ಯಾರ ಜೊತೆ ಮಾತಾಡಿದೆ' ಅಂತ ಕೇಳಿ. ಮೊದಲ ಮೂರ್ನಾಲ್ಕು ದಿನ ಅಳು ಬರುವುದು ಸಹಜ.

'ಗುರುತಿಲ್ಲದವರ ಮನೆಯಲ್ಲಿ ಹೆಣ್ಣುಮಗು, ನಮಗೆ ಭಯ ಇರಲ್ವಾ' ಅನ್ನುತ್ತೀರಿ. ಭಯ ನ್ಯಾಯವೇ. ಆದರೆ ದಿನಕ್ಕೆ ಆರು ಸಲ ಫೋನ್ ಮಾಡಿದರೆ ಆ ಭಯಕ್ಕೆ ಉತ್ತರ ಸಿಗುವುದಿಲ್ಲ. ಉತ್ತರ ಸಿಗುವುದು ಹೊರಡುವ ಮೊದಲು ಶಾಲೆಯನ್ನು ಲಿಖಿತವಾಗಿ ಕೇಳಿದಾಗ: ಆ ಮನೆಯಲ್ಲಿ ಯಾರ್ಯಾರು ಇದ್ದಾರೆ, ಮಗುವಿಗೆ ಬೇರೆ ಕೋಣೆ ಇದೆಯಾ, ಬಾಗಿಲಿಗೆ ಚಿಲಕ ಇದೆಯಾ, ಅಲ್ಲಿನ ಶಾಲೆಯವರು ಮನೆ ನೋಡಿ ಬಂದಿದ್ದಾರಾ. ಮಕ್ಕಳ ಜೊತೆ ಕೆಲಸ ಮಾಡುವವರಿಂದ ಜರ್ಮನಿಯಲ್ಲಿ ಕೇಳುವ, ಅಪರಾಧದ ದಾಖಲೆ ಇದೆಯಾ ಎಂದು ತೋರಿಸುವ ವಿಸ್ತೃತ ನಡತೆ ಪ್ರಮಾಣಪತ್ರ ಅಂತ ಒಂದಿದೆ, ಮನೆಯ ದೊಡ್ಡವರಿಂದ ಅದನ್ನು ತರಿಸಿದ್ದಾರಾ ಕೇಳಿ. ಜೊತೆಗೆ ಹೋಗುವ ಟೀಚರ್ ನಂಬರು, ಅಲ್ಲಿನ ಟೀಚರ್ ನಂಬರು, ತುರ್ತಿಗೆ 112, ಪೊಲೀಸರಿಗೆ 110, ಇವು ಕಾಗದದಲ್ಲೂ ಇರಲಿ. ಮುಜುಗರ ಆದರೆ ಯಾರ ಅಪ್ಪಣೆಗೂ ಕಾಯದೆ ಟೀಚರಿಗೆ ಹೇಳು ಎಂದು ಮಗುವಿಗೆ ಬಾಯಿಬಿಟ್ಟು ಹೇಳಿಕೊಡಿ. ಇದನ್ನೆಲ್ಲ ಕೇಳುವುದಕ್ಕೆ ಸಂಕೋಚ, ಸೂಟ್‌ಕೇಸಿನ ಬಣ್ಣದ ಬಗ್ಗೆ ನೂರು ಮೆಸೇಜು!

ಬಚ್ಚಲಿನ ಅಭ್ಯಾಸವನ್ನೂ ಇಲ್ಲೇ ಮಾಡಿಸಿ. ಅಲ್ಲಿ ಎಷ್ಟೋ ಮನೆಗಳಲ್ಲಿ ಶವರ್ ಗೂಡಿನ ಆಚೆ ನೆಲಕ್ಕೆ ನೀರು ಹೋಗುವ ದಾರಿಯೇ ಇರುವುದಿಲ್ಲ, ಚೆಲ್ಲಿದ ನೀರು ಕೆಳಮನೆಯ ಚಾವಣಿಗೆ ಇಳಿಯುತ್ತದೆ. ಬಕೆಟ್ಟು-ಚೊಂಬು ಇಲ್ಲ, ಟಾಯ್ಲೆಟ್‌ನಲ್ಲಿ ಕಾಗದವೇ ಗತಿ. ರಾತ್ರಿ 10ರ ಮೇಲೆ ಸದ್ದು ಮಾಡುವಂತಿಲ್ಲ. ಭಾನುವಾರ ಅಂಗಡಿ ಮುಚ್ಚಿರುತ್ತವೆ, ಸ್ಯಾನಿಟರಿ ಪ್ಯಾಡ್ ಮನೆಯಿಂದಲೇ ಹಾಕಿಕೊಡಿ.

ಎಕ್ಸ್‌ಚೇಂಜ್ ಅಂದಮೇಲೆ ಆ ಮನೆಯ ಮಗು ನಿಮ್ಮ ಮನೆಗೂ ಬರುತ್ತದೆ. ವಿದೇಶಿಯರನ್ನು ಇರಿಸಿಕೊಂಡ ಮನೆಯವರು 24 ಗಂಟೆಯೊಳಗೆ ಎಫ್‌ಆರ್‌ಆರ್‌ಒಗೆ (ವಿದೇಶಿಯರ ನೋಂದಣಿ ಕಚೇರಿ) ಆನ್‌ಲೈನ್‌ನಲ್ಲಿ 'ಫಾರ್ಮ್ III' ಸಲ್ಲಿಸಬೇಕು, 2025ರವರೆಗೆ ಇದು 'ಫಾರ್ಮ್ ಸಿ' ಆಗಿತ್ತು. ನಿಮ್ಮ ಗ್ರೂಪಿನಲ್ಲಿ ಇದನ್ನು ಯಾರಾದರೂ ಹೇಳಿದ್ದಾರಾ? ಲಾಗಿನ್ ಮಾಡಿಸುವುದಕ್ಕೇ ದಿನಗಳು ಹಿಡಿಯಬಹುದು, ಆ ಮಗು ವಿಮಾನ ಹತ್ತುವ ಮೊದಲೇ ಮಾಡಿಸಿಟ್ಟುಕೊಳ್ಳಿ.