ಡಿಸೆಂಬರ್‌ನಲ್ಲಿ ಕಾಫಿ ಹೂವಾ?

ಈಗಿನ ಪ್ರೇಮ ಕಾದಂಬರಿಗಳೆಲ್ಲ ಬರೀ ಟೈಂಪಾಸ್ ಅಂತ ಈಚೆಗೆ ಓದಿದ ಒಂದು ಲೇಖನದಲ್ಲಿ ಒಂದೇ ಮಾತಿಗೆ ತಳ್ಳಿಹಾಕಿದ್ದು ಸರಿಯಲ್ಲ. ಈಗಿನ ನಾಯಕಿಗೆ ಸ್ವಂತ ಸಂಬಳ ಇದೆ, ವಿಚ್ಛೇದನ ಆದವಳೂ ಮತ್ತೆ ಪ್ರೀತಿಸುತ್ತಾಳೆ. ಅದು ನನಗಿಷ್ಟ.

ನನ್ನ ತಕರಾರೇ ಬೇರೆ. ನಮ್ಮ ಚಿಕ್ಕಮಗಳೂರನ್ನು ಈ ಕಾದಂಬರಿ ಬರೆಯುವವರು ಸುಮ್ನೆ ಫೋಟೋ ಹಿನ್ನೆಲೆ ಮಾಡಿಕೊಂಡಿದ್ದಾರೆ. ಮೊನ್ನೆ ಮೊಬೈಲ್‌ನಲ್ಲಿ ಓದಿದ ಕಥೆಯಲ್ಲಿ ಡಿಸೆಂಬರ್ ಚಳಿ, ತೋಟದ ತುಂಬ ಕಾಫಿ ಹೂವು. ನಾಯಕ ಒಂದು ಗೊಂಚಲು ಕಿತ್ತು ಅವಳಿಗೆ ಮುಡಿಸುತ್ತಾನೆ! ಅಲ್ಲ ಸ್ವಾಮಿ, ಹೂವು ಅರಳುವುದು ಮಾರ್ಚ್-ಏಪ್ರಿಲ್‌ನಲ್ಲಿ, ಮಳೆ ಬಿದ್ದು ವಾರ ಹತ್ತು ದಿನಕ್ಕೆ. ಡಿಸೆಂಬರ್‌ನಲ್ಲಿ ನಾವು ಅರೇಬಿಕಾ ಕಾಫಿ ಕುಯ್ಲಿಗೆ ಆಳು ಸಿಗದೆ ಒದ್ದಾಡುತ್ತಿರುತ್ತೇವೆ. ಹೂವು ಕಿತ್ತರೆ ಅಷ್ಟು ಫಸಲು ಹೋಯಿತು. ಯಾವ ಬೆಳೆಗಾರನ ಮಗ ಹಾಗೆ ಮಾಡುತ್ತಾನೆ ಹೇಳಿ?

ತ್ರಿವೇಣಿಯವರ ‘ಬೆಳ್ಳಿಮೋಡ’ ಕಾದಂಬರಿ ನೆನಪಿದೆಯಲ್ವಾ? ನಾಯಕಿ ಇಂದಿರಾಗೆ ತಮ್ಮ ಹುಟ್ಟಿ, ಎಸ್ಟೇಟ್ ಕೈತಪ್ಪುತ್ತದೆ ಅಂದ ಕೂಡಲೇ ಅವಳನ್ನು ಮದುವೆಯಾಗಬೇಕಿದ್ದ ಮೋಹನನ ಪ್ರೀತಿ ತಣ್ಣಗಾಗುತ್ತದೆ. ಅಲ್ಲಿ ತೋಟ ಕಥೆಯೊಳಗೇ ಇತ್ತು. ಈಗ ಎಸ್ಟೇಟ್ ಅಂದರೆ ಜೀಪು, ಮಂಜು, ಬಂಗಲೆ ಅಷ್ಟೇ. ಬ್ಯಾಂಕ್ ಸಾಲ, ಅಣ್ಣತಮ್ಮಂದಿರ ಪಾಲಿನ ಜಗಳ ಯಾರಿಗೂ ಬೇಡ.

ಆದರೂ ವಾಟ್ಸಾಪ್ ಚಾಟಿನಲ್ಲಿ ಮುನಿಸಿಕೊಳ್ಳುವುದನ್ನು ಬರೆಯುವುದರಲ್ಲಿ ಈಗಿನವರು ಪಕ್ಕಾ. ಅದಕ್ಕೇ ಬೈದುಕೊಂಡೂ ಓದುತ್ತೇನೆ.